ಕಾಫಿ ತೋಟದ ದುಡಿಮೆ ಮತ್ತು ಬಿಡದ ಸೊಂಟನೋವು: ನನ್ನ ಅನುಭವ

ಮೂರು ತಿಂಗಳು ಕಳೆದರೂ ಬಿಡದ ಬೆನ್ನುನೋವನ್ನು ವೈದ್ಯರು ದೀರ್ಘಕಾಲದ ನೋವು ಎನ್ನುತ್ತಾರೆ. ನನ್ನ ಸೊಂಟನೋವು ಆ ಗಡಿ ದಾಟಿದ ಮೇಲೆ ಹಲವು ಕಾಫಿ ಕೊಯ್ಲುಗಳು ಮುಗಿದಿವೆ. ಕೊಡಗಿನ ಮಾದಾಪುರದ ಕಡೆ ನಮ್ಮದೊಂದು ಸಣ್ಣ ತೋಟವಿದೆ. ಅರೇಬಿಕಾ ಹೆಚ್ಚು, ತಗ್ಗಿನಲ್ಲಿ ಒಂದಷ್ಟು ರೊಬಸ್ಟಾ, ಸಿಲ್ವರ್ ಓಕ್ ಮರಗಳಿಗೆ ಹಬ್ಬಿಸಿದ ಕರಿಮೆಣಸು. ಕೆಲಸಕ್ಕೆ ಜನ ಸಿಗುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿರುವ ಈ ಕಾಲದಲ್ಲಿ ಸಣ್ಣ ಬೆಳೆಗಾರನು ಮೂಟೆಗೂ, ಗೊಬ್ಬರಕ್ಕೂ, ಕಣದ ಕೆಲಸಕ್ಕೂ ತಾನೇ ಕೈಹಾಕಬೇಕಾಗುತ್ತದೆ. ಆದ್ದರಿಂದ ‘ತೋಟದ ಕೆಲಸ ಬಿಟ್ಟುಬಿಡಿ’ ಎಂಬ ಮಾತು ನಮ್ಮಂಥವರಿಗೆ ಸಲಹೆಯಾಗುವುದಿಲ್ಲ. ದುಡಿಮೆಯನ್ನು ಬಿಡದೆ ನೋವನ್ನು ಹತೋಟಿಯಲ್ಲಿ ಇಟ್ಟುಕೊಳ್ಳುವ ಬಗೆ ಯಾವುದು ಎಂಬುದೇ ನನ್ನ ಮುಂದಿದ್ದ ಪ್ರಶ್ನೆ. ಬೆನ್ನನ್ನು ತೋಟದ ವರ್ಷಚಕ್ರಕ್ಕೆ ತಕ್ಕಂತೆ ಸಿದ್ಧಪಡಿಸಬೇಕು, ಮಳೆಗಾಲದಲ್ಲಿ ಬಲವನ್ನು ಬೆಳೆಸಿಕೊಂಡು ಕೊಯ್ಲಿನ ಕಾಲದಲ್ಲಿ ಭಾರವನ್ನು ಹಂಚಿಕೊಳ್ಳಬೇಕು ಎಂಬುದು ನಾನು ಕಂಡುಕೊಂಡ ಉತ್ತರ.

ಇದನ್ನು ವಿವರಿಸುವ ಮುನ್ನ ಹೇಳಲೇಬೇಕಾದದ್ದೊಂದಿದೆ. ಎಲ್ಲ ಬೆನ್ನುನೋವೂ ಮನೆಯಲ್ಲಿ ನಿಭಾಯಿಸುವಂಥದ್ದಲ್ಲ. ಮೂತ್ರ ಅಥವಾ ಮಲದ ಮೇಲಿನ ಹಿಡಿತ ತಪ್ಪಿದರೆ, ಮೂತ್ರ ಕಟ್ಟಿಕೊಂಡರೆ, ತೊಡೆಸಂದು ಹಾಗೂ ಗುದದ್ವಾರದ ಸುತ್ತ ಜೋಮು ಹಿಡಿದರೆ, ಕಾಲಿನ ಬಲ ಕುಗ್ಗಿ ಪಾದ ಎತ್ತಲಾಗದಂತಾದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ನರಗಳ ಕಟ್ಟು ಅದುಮಿಹೋದಾಗ ಕಾಣುವ ಲಕ್ಷಣಗಳಿವು, ಇಲ್ಲಿ ಒಂದೆರಡು ದಿನ ತಡವಾದರೂ ಕಳೆದುಕೊಂಡದ್ದು ಪೂರ್ತಿ ಮರಳದೆ ಹೋಗಬಹುದು. ಮರದಿಂದಲೋ ಏಣಿಯಿಂದಲೋ ಬಿದ್ದ ಮೇಲೆ ಬಂದ ನೋವು, ಜ್ವರದೊಂದಿಗೆ ಬಂದ ನೋವು, ಕಾರಣವಿಲ್ಲದೆ ತೂಕ ಇಳಿಯುತ್ತಿರುವಾಗಿನ ನೋವು, ಹಿಂದೆ ಕ್ಯಾನ್ಸರ್ ಆಗಿದ್ದವರ ನೋವು, ಹೇಗೆ ಮಲಗಿದರೂ ರಾತ್ರಿಯಿಡೀ ಕಡಿಮೆಯಾಗದ ನೋವು ಇವೆಲ್ಲವನ್ನೂ ವೈದ್ಯರು ಮೊದಲು ನೋಡಬೇಕು. ನನ್ನನ್ನು ಪರೀಕ್ಷಿಸಿದ ವೈದ್ಯರು ಇವು ಯಾವುವೂ ಇಲ್ಲವೆಂದು ಖಚಿತಪಡಿಸಿದ ನಂತರವೇ ನಾನು ಮುಂದಿನದ್ದಕ್ಕೆ ಕೈಹಾಕಿದ್ದು.

ಮೈಸೂರಿನಲ್ಲಿ ತೆಗೆಸಿದ ಎಂಆರ್‌ಐ ವರದಿಯಲ್ಲಿ ಸೊಂಟದ ನಾಲ್ಕನೆಯ ಮತ್ತು ಐದನೆಯ ಮೂಳೆಗಳ ನಡುವಿನ ಡಿಸ್ಕ್ ಎಂಬ ಮೆತ್ತೆ ಉಬ್ಬಿದೆ ಎಂದು ಬರೆದಿತ್ತು. ನಮ್ಮ ಊರುಗಳಲ್ಲಿ ಇಂಥ ವರದಿಯನ್ನು ಕೈಯಲ್ಲಿ ಹಿಡಿದವರು ಅಂದಿನಿಂದ ಕೊಡವನ್ನೂ ಎತ್ತಲು ಹೆದರುವುದನ್ನು ಕಂಡಿದ್ದೇನೆ. ಆ ಹೆದರಿಕೆಗೆ ಔಷಧವಾಗಿ ನಾನು ಎಲ್ಲರಿಗೂ ಹೇಳುವ ಮಾಹಿತಿಯೊಂದಿದೆ. ಬೆನ್ನುನೋವೇ ಇಲ್ಲದ ಸಾವಿರಾರು ಜನರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಇಪ್ಪತ್ತರ ವಯಸ್ಸಿನವರಲ್ಲೇ ಶೇ. 30ರಷ್ಟು ಮಂದಿಗೆ ಡಿಸ್ಕ್ ಉಬ್ಬಿರುವುದು ಕಂಡುಬಂದಿತ್ತು. ಎಂಬತ್ತರ ವಯಸ್ಸಿನವರಲ್ಲಿ ಅದು ಶೇ. 84. ಅಂದರೆ ಸ್ಕ್ಯಾನ್‌ನಲ್ಲಿ ಕಾಣುವ ಉಬ್ಬು ಅನೇಕ ವೇಳೆ ತಲೆಗೂದಲು ನರೆಯುವಷ್ಟೇ ಸಹಜವಾದ ವಯಸ್ಸಿನ ಗುರುತು. ಅದೇ ನೋವಿನ ಮೂಲ ಎಂದು ಅದರ ಬಲದಿಂದಷ್ಟೇ ತೀರ್ಮಾನಿಸಲಾಗದು. ಕಾಲಿಗಿಳಿಯುವ ನರದ ನೋವಿದ್ದು, ವೈದ್ಯರ ಪರೀಕ್ಷೆಯಲ್ಲಿ ಕಂಡದ್ದಕ್ಕೂ ಸ್ಕ್ಯಾನ್‌ಗೂ ತಾಳೆಯಾದರೆ ಆ ಮಾತು ಬೇರೆ. ನನ್ನ ವಿಷಯದಲ್ಲಿ ಅಂಥ ತಾಳೆ ಇರಲಿಲ್ಲ. ವರದಿಯನ್ನು ಕಪಾಟಿನಲ್ಲಿಟ್ಟು, ಮಡಿಕೇರಿಯಲ್ಲಿ ಒಬ್ಬ ಫಿಸಿಯೋಥೆರಪಿಸ್ಟ್ ಬಳಿ ಹೋಗಲಾರಂಭಿಸಿದೆ.

ಅಲ್ಲಿ ಮೊದಲು ಕಲಿತದ್ದು ವ್ಯಾಯಾಮವಲ್ಲ, ನೋವಿನ ಬಗೆಗಿನ ತಿಳಿವಳಿಕೆ. ಉಳುಕಿದ ಸ್ನಾಯು, ನೊಂದ ಅಸ್ಥಿರಜ್ಜು ವಾರಗಳಲ್ಲಿ ಮಾಯುತ್ತವೆ. ಆದರೆ ನೋವಿನ ಸುದ್ದಿಯನ್ನು ಹೊತ್ತೊಯ್ಯುವ ನರಮಂಡಲವು ಕೆಲವರಲ್ಲಿ ಹಾಗೆಯೇ ಎಚ್ಚರದಲ್ಲಿ ಉಳಿದುಬಿಡುತ್ತದೆ. ಆನೆ ಬಾರದಿರಲೆಂದು ಹಾಕಿದ ಸೋಲಾರ್ ಬೇಲಿಗೆ ಮಳೆಗಾಲದ ಹಸಿ ಹುಲ್ಲು ತಾಗಿದರೂ ಅಲಾರಂ ಹೊಡೆದುಕೊಳ್ಳುವುದನ್ನು ನಾವೆಲ್ಲ ಕೇಳಿದ್ದೇವೆ. ಹಳೆಯ ಬೆನ್ನುನೋವಿನಲ್ಲಿ ಆಗುವುದು ಬಹುಮಟ್ಟಿಗೆ ಅದೇ. ಅಲಾರಂ ನಿಜ, ನೋವು ಕಲ್ಪಿತವಲ್ಲ, ಆದರೆ ಪ್ರತಿಸಲವೂ ಒಳಗೆ ಏನೋ ಮುರಿಯುತ್ತಿದೆ ಎಂದು ಅದರ ಅರ್ಥವಲ್ಲ. ನೋವಾಗುವುದಕ್ಕೂ ಹಾನಿಯಾಗುವುದಕ್ಕೂ ಇರುವ ಈ ಅಂತರ ಮನಸ್ಸಿಗೆ ಇಳಿದ ಮೇಲೆ ಬಗ್ಗಲು, ತಿರುಗಲು, ನಡೆಯಲು ನನಗಿದ್ದ ಅಂಜಿಕೆ ಕಡಿಮೆಯಾಯಿತು. ಅಂಜಿಕೆ ಕಡಿಮೆಯಾದಂತೆ ಸೊಂಟದ ಸ್ನಾಯುಗಳ ಬಿಗಿತವೂ ಇಳಿಯಿತು.

ಚಿಂತೆಗೂ ನಿದ್ರೆಗೂ ಈ ನೋವಿಗೂ ಇರುವ ನಂಟು ನನಗೆ ಸ್ಪಷ್ಟವಾದದ್ದು 2018ರ ಆಗಸ್ಟ್‌ನಲ್ಲಿ. ಆ ಮಳೆಯಲ್ಲಿ ನಮ್ಮ ಸುತ್ತಮುತ್ತಲಿನ ಗುಡ್ಡಗಳು ಕುಸಿದವು, ನೆಂಟರಿಷ್ಟರು ಮನೆ ಬಿಟ್ಟು ಪರಿಹಾರ ಕೇಂದ್ರಗಳಲ್ಲಿ ಉಳಿದರು, ರಾತ್ರಿ ಮಳೆ ಜೋರಾದಾಗಲೆಲ್ಲ ನಾವು ಎದ್ದು ಕೂರುತ್ತಿದ್ದೆವು. ಆ ವಾರಗಳಲ್ಲಿ ತೋಟದ ಕೆಲಸವೇ ನಡೆದಿರಲಿಲ್ಲ, ಒಂದು ಮೂಟೆಯನ್ನೂ ನಾನು ಎತ್ತಿರಲಿಲ್ಲ. ಆದರೂ ನೋವು ಯಾವ ಕೊಯ್ಲಿನಲ್ಲೂ ಇಲ್ಲದಷ್ಟು ಏರಿತ್ತು. ನಿದ್ರೆಗೆಟ್ಟರೆ ನೋವನ್ನು ತಾಳುವ ಶಕ್ತಿ ತಗ್ಗುತ್ತದೆ, ಆತಂಕವಿದ್ದರೆ ನರಗಳ ಎಚ್ಚರ ಇನ್ನಷ್ಟು ಹೆಚ್ಚುತ್ತದೆ ಎಂದು ಫಿಸಿಯೋಥೆರಪಿಸ್ಟ್ ಆಮೇಲೆ ವಿವರಿಸಿದರು. ವಿಶ್ವ ಆರೋಗ್ಯ ಸಂಸ್ಥೆಯು 2023ರ ಡಿಸೆಂಬರ್‌ನಲ್ಲಿ ದೀರ್ಘಕಾಲದ ಸೊಂಟನೋವಿನ ಬಗ್ಗೆ ಹೊರಡಿಸಿದ ಮಾರ್ಗಸೂಚಿಯಲ್ಲಿ ತಿಳಿವಳಿಕೆ, ವ್ಯಾಯಾಮ, ಮಸಾಜ್ ಮುಂತಾದವುಗಳ ಜೊತೆಗೆ ಮನಸ್ಸಿನ ಚಿಕಿತ್ಸೆಯೂ ಸೇರಿರುವುದನ್ನು ಓದಿದಾಗ ನನಗೆ ಅಚ್ಚರಿಯಾಗಲಿಲ್ಲ. ಬೆನ್ನುನೋವಿಗೆ ಆಪ್ತಸಮಾಲೋಚಕರನ್ನು ಕಾಣುವುದೆಂದರೆ ನಮ್ಮವರು ಸಂಕೋಚಪಡುತ್ತಾರೆ. ಆ ಸಂಕೋಚಕ್ಕೆ ಕಾರಣವೇ ಇಲ್ಲ.

ಈಗ ವರ್ಷಚಕ್ರದ ಮಾತಿಗೆ ಬರುತ್ತೇನೆ. ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿಯವರೆಗೆ, ರೊಬಸ್ಟಾ ಅದರ ಬೆನ್ನಲ್ಲೇ, ಜೊತೆಗೆ ಮೆಣಸು. ಮಾರ್ಚ್‌ನಲ್ಲಿ ಒಮ್ಮೆ, ಸೆಪ್ಟೆಂಬರ್‌ನಲ್ಲಿ ಒಮ್ಮೆ ಅರೇಬಿಕಾ ಗಿಡಗಳ ಬುಡಕ್ಕೆ ಬಗ್ಗಿ ಬಿಳಿ ಕಾಂಡಕೊರಕ ಹುಳು ಹಿಡಿದ ಗಿಡಗಳನ್ನು ಗುರುತಿಸಿ ಕೀಳುವ ಕೆಲಸ. ಮಳೆಗೆ ಮೊದಲು ಗೊಬ್ಬರ, ಮರ ಕಪಾತು, ಶಿಲೀಂಧ್ರ ರೋಗ ತಡೆಯುವ ಬೋರ್ಡೋ ದ್ರಾವಣದ ಸಿಂಪರಣೆ. ಜೂನ್ ಮಧ್ಯದಿಂದ ಆಗಸ್ಟ್ ಕೊನೆಯವರೆಗೆ ಮಾತ್ರ ಮಳೆ ನಮ್ಮನ್ನು ಮನೆಯೊಳಗೆ ಕೂರಿಸುತ್ತದೆ. ಹೆಚ್ಚಿನವರ ಬೆನ್ನು ಸೋಲುವುದು ಇಲ್ಲೇ ಎಂಬುದು ನನ್ನ ತಿಳಿವಳಿಕೆ. ಎರಡು ತಿಂಗಳು ಒಲೆಯ ಬಳಿ ಕುಳಿತ ದೇಹವನ್ನು ಹಠಾತ್ತಾಗಿ ಕೆಲಸಕ್ಕೆ ಹಚ್ಚಿ, ಕೊಯ್ಲು ಬಂತೆಂದು ಮೂಟೆ ಹೊರಿಸಿದರೆ ಅದು ತಾಳುವುದಾದರೂ ಹೇಗೆ? ಆದ್ದರಿಂದ ನನ್ನ ಪಾಲಿಗೆ ಬೆನ್ನಿನ ಮುಖ್ಯ ಕೆಲಸದ ಕಾಲ ಮಳೆಗಾಲವೇ ಆಗಿದೆ.

ಆ ತಿಂಗಳುಗಳಲ್ಲಿ ಮಾಡುವ ವ್ಯಾಯಾಮಗಳು ಸರಳವಾದವು. ಅಂಗಾತ ಮಲಗಿ ಮಂಡಿ ಮಡಚಿ, ಪಾದ ನೆಲಕ್ಕೂರಿ ಸೊಂಟವನ್ನು ಮೇಲೆತ್ತಿ ಹಿಡಿಯುವುದು; ಕೈ ಮತ್ತು ಮಂಡಿಗಳ ಮೇಲೆ ನಿಂತು ಬಲಗೈ ಎಡಗಾಲು, ಎಡಗೈ ಬಲಗಾಲು ಹೀಗೆ ಒಂದೊಂದು ಜೋಡಿಯನ್ನು ನೇರವಾಗಿ ಚಾಚಿ ಸೊಂಟ ಅಲುಗದಂತೆ ನಿಲ್ಲಿಸುವುದು; ಪಕ್ಕಕ್ಕೆ ಮಲಗಿ ಮೊಣಕೈ ಮತ್ತು ಮಂಡಿಯ ಆಧಾರದಲ್ಲಿ ದೇಹವನ್ನು ಎತ್ತಿ ಹಿಡಿಯುವುದು; ಕುರ್ಚಿಯಿಂದ ಕೈಯ ಆಸರೆಯಿಲ್ಲದೆ ಏಳುವುದು, ಕೂರುವುದು. ಪ್ರತಿ ಹಿಡಿತವೂ ಎಂಟು ಹತ್ತು ಸೆಕೆಂಡಿನದು; ಉಸಿರು ಕಟ್ಟುವಂತಿಲ್ಲ. ಹೊಟ್ಟೆಯ ಮೇಲೆ ಮಲಗಿ ಕೈಗಳನ್ನೂರಿ ಎದೆಯನ್ನು ಮೇಲೆತ್ತುವ ಭುಜಂಗಾಸನ ಕೆಲವರಿಗೆ ತಕ್ಷಣ ಹಗುರವೆನಿಸುತ್ತದೆ, ಬೆನ್ನುಮೂಳೆಯ ನಾಳ ಕಿರಿದಾದ ವಯಸ್ಸಾದವರಿಗೆ ಅದೇ ಆಸನ ಕಾಲುಜೋಮು ಹೆಚ್ಚಿಸಬಹುದು. ಯಾವುದು ಯಾರಿಗೆ ಎಂಬುದನ್ನು ತಿಳಿದವರೊಬ್ಬರು ನೋಡಿ ಹೇಳಿದರೆ ಒಳ್ಳೆಯದು. ಯಾವ ಒಂದು ವ್ಯಾಯಾಮವೂ ಇನ್ನೊಂದಕ್ಕಿಂತ ಬಹಳ ಮೇಲು ಎಂದು ನನಗೆ ಅನ್ನಿಸಿಲ್ಲ; ಬಿಡದೆ ಮಾಡಬಲ್ಲದ್ದೇ ಒಳ್ಳೆಯ ವ್ಯಾಯಾಮ.

ಎಷ್ಟು ಮಾಡಬೇಕು ಎಂಬುದು ಏನು ಮಾಡಬೇಕು ಎಂಬುದಕ್ಕಿಂತ ಕಠಿಣವಾದ ಪ್ರಶ್ನೆ. ನೋವಿಲ್ಲದ ದಿನ ಎರಡು ದಿನದ ಕೆಲಸ ಮಾಡಿ, ಮರುದಿನ ಹಾಸಿಗೆ ಹಿಡಿಯುವುದು ನಮ್ಮಲ್ಲಿ ಸಾಮಾನ್ಯ. ಇದನ್ನು ತಪ್ಪಿಸಲು ಗಡಿಯಾರವನ್ನು ಅಳತೆಗೋಲಾಗಿ ಇಟ್ಟುಕೊಳ್ಳಬೇಕು. ಹದಿನೈದು ನಿಮಿಷದ ನಡಿಗೆಗೆ ನೋವು ಕೆಣಕುತ್ತದೆ ಎಂದಾದರೆ ಹತ್ತು ನಿಮಿಷಕ್ಕೆ ನಿಲ್ಲಿಸುವುದು. ಒಳ್ಳೆಯ ದಿನವೂ ಹತ್ತೇ ನಿಮಿಷ, ಕೆಟ್ಟ ದಿನವೂ ಹತ್ತೇ ನಿಮಿಷ. ವಾರ ಕಳೆದ ಮೇಲೆ ಒಂದೆರಡು ನಿಮಿಷ ಏರಿಸುವುದು. ಹತ್ತರ ಅಳತೆಯಲ್ಲಿ ನೋವು ಮೂರು ನಾಲ್ಕರೊಳಗಿದ್ದು, ಮರುದಿನ ಬೆಳಗಿನ ಹೊತ್ತಿಗೆ ಮೊದಲಿನ ಮಟ್ಟಕ್ಕೆ ಇಳಿದಿದ್ದರೆ ಮಾಡಿದ ಪ್ರಮಾಣ ಸರಿಯಿದೆ ಎಂದರ್ಥ. ಇಳಿಯದಿದ್ದರೆ ಪ್ರಮಾಣ ತಗ್ಗಿಸಬೇಕು, ನಿಲ್ಲಿಸಬಾರದು.

ನಡಿಗೆಯ ಬಗ್ಗೆ ಇನ್ನೊಂದು ಮಾತು. ಸೊಂಟನೋವಿನಿಂದ ಆಗಷ್ಟೇ ಚೇತರಿಸಿಕೊಂಡ 701 ಮಂದಿಯ ಮೇಲೆ ಆಸ್ಟ್ರೇಲಿಯಾದಲ್ಲಿ ನಡೆದ ಅಧ್ಯಯನವೊಂದು 2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ವಾರಕ್ಕೆ ಐದು ದಿನ, ದಿನಕ್ಕೆ 30 ನಿಮಿಷ ಎಂಬ ಗುರಿಯತ್ತ ನಡಿಗೆಯನ್ನು ಹಂತಹಂತವಾಗಿ ಏರಿಸುತ್ತ ಹೋದವರಲ್ಲಿ ನೋವು ಮತ್ತೆ ಮರುಕಳಿಸಲು ಹಿಡಿದ ಮಧ್ಯಮ ಅವಧಿ 208 ದಿನ. ಏನೂ ಮಾಡದವರಲ್ಲಿ 112 ದಿನ. ಖರ್ಚಿಲ್ಲದ ಚಿಕಿತ್ಸೆಗೆ ಇದು ದೊಡ್ಡ ಫಲ. ಕೊಡಗಿನವರು ತೋಟದಲ್ಲಿ ದಿನವಿಡೀ ನಡೆಯುತ್ತೇವಲ್ಲ ಎನ್ನಬಹುದು. ತೋಟದ ನಡಿಗೆ ನಿಂತು ನಿಂತು ಸಾಗುವಂಥದ್ದು, ಬಗ್ಗುತ್ತ ಗಿಡದ ಸಂದಿಯಲ್ಲಿ ನುಸುಳುತ್ತ ಸಾಗುವಂಥದ್ದು. ಕೈ ಬೀಸಿಕೊಂಡು ಒಂದೇ ಲಯದಲ್ಲಿ ನಡೆಯುವುದು ಬೇರೆ. ಮಳೆ ಜೋರಿದ್ದಾಗ ನಾನು ಮನೆಯ ಉದ್ದನೆಯ ಜಗುಲಿಯಲ್ಲೇ ಅತ್ತಿಂದಿತ್ತ ನಡೆಯುತ್ತೇನೆ. ಹೊಳವಾದಾಗ ಡಾಂಬರು ರಸ್ತೆಗೆ ಇಳಿಯುತ್ತೇನೆ. ಮೊದಲು ಇಳಿಜಾರು, ಆಮೇಲೆ ಏರು ಎಂಬಂತಾದರೆ ದಣಿದ ಹೊತ್ತಿಗೆ ಏರು ಎದುರಾಗುತ್ತದೆ, ಆದ್ದರಿಂದ ಮನೆಯಿಂದ ಮೇಲ್ಮುಖವಾಗಿ ಹೊರಟು ಇಳಿಯುತ್ತ ಮರಳುವ ದಾರಿಯನ್ನು ಆರಿಸಿಕೊಂಡಿದ್ದೇನೆ.

ಕೊಯ್ಲಿನ ಕಾಲದ ದೊಡ್ಡ ಪ್ರಶ್ನೆ ಭಾರ. ಒಣ ಕಾಫಿಯ ಮೂಟೆ 50 ಕಿಲೋ, ಗೊಬ್ಬರದ ಚೀಲವೂ ಸಾಮಾನ್ಯವಾಗಿ 50 ಕಿಲೋ; ಯೂರಿಯಾ ಮಾತ್ರ 2018ರಿಂದ 45 ಕಿಲೋ ಚೀಲದಲ್ಲಿ ಬರುತ್ತಿದೆ. ಅನುಕೂಲಗಳೆಲ್ಲ ಸರಿಯಿರುವ ಕಡೆಯೂ ಒಬ್ಬರು ಎರಡು ಕೈಯಿಂದ ಎತ್ತುವ ಭಾರ 23 ಕಿಲೋ ಮೀರಬಾರದು ಎಂಬುದು ಅಮೆರಿಕದ ದುಡಿಮೆಗಾರರ ಆರೋಗ್ಯ ಸಂಸ್ಥೆಯ ಲೆಕ್ಕಾಚಾರದ ಮಿತಿ. ಬೆನ್ನಿನ ಸ್ನಾಯುಗಳು ಬೆನ್ನುಮೂಳೆಯ ನಡುವಿನಿಂದ ಐದಾರು ಸೆಂಟಿಮೀಟರಿನಷ್ಟೇ ಹಿಂದಿರುತ್ತವೆ. ಕೈಯಲ್ಲಿ ಹಿಡಿದ ಭಾರ ಅರ್ಧ ಮೀಟರ್ ಮುಂದಿದ್ದರೆ ಅದನ್ನು ಸರಿದೂಗಿಸಲು ಆ ಸ್ನಾಯುಗಳು ಸುಮಾರು ಹತ್ತುಪಟ್ಟು ಬಲದಿಂದ ಎಳೆಯಬೇಕು, ಆ ಬಲವೆಲ್ಲ ಡಿಸ್ಕ್‌ಗಳ ಮೇಲೆ ಒತ್ತುತ್ತದೆ. ಹತ್ತು ಕಿಲೋದ ಬುಟ್ಟಿಯನ್ನು ಕೈಚಾಚಿ ಎತ್ತಿದಾಗ ಸೊಂಟ ಅನುಭವಿಸುವುದು ನೂರು ಕಿಲೋ ಎಳೆತವನ್ನು. ‘ಬೆನ್ನು ನೆಟ್ಟಗಿಟ್ಟು ಮಂಡಿ ಬಗ್ಗಿಸಿ’ ಎಂಬುದು ಎಲ್ಲರಿಗೂ ಗೊತ್ತಿರುವ ಉಪದೇಶ. ನನ್ನ ಅನುಭವದಲ್ಲಿ ಅದಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಭಾರವನ್ನು ಹೊಟ್ಟೆಗೆ ತಾಗುವಷ್ಟು ಹತ್ತಿರ ತಂದುಕೊಂಡು, ಎತ್ತಿದ ಮೇಲೆ ಸೊಂಟ ತಿರುಚದೆ ಪಾದಗಳನ್ನೇ ತಿರುಗಿಸಿ ಹೊರಳುವುದು.

ಇದನ್ನು ತಿಳಿದ ಮೇಲೆ ತೋಟದಲ್ಲಿ ಕೆಲವು ಏರ್ಪಾಡು ಬದಲಿಸಿದೆವು. ಕೊಯ್ದ ಹಣ್ಣನ್ನು ತೋಟದೊಳಗಿನಿಂದ ಅರ್ಧ ಚೀಲದಲ್ಲೇ ಹೊರತರುವುದು, ಗೊಬ್ಬರದ ಚೀಲವನ್ನು ಜೀಪಿನ ಹಿಂಬದಿಯಲ್ಲಿ ಇರುವಾಗಲೇ ಬಿಚ್ಚಿ ಬಕೆಟ್‌ಗಳಿಗೆ ಹಂಚುವುದು, ಚೀಲಗಳನ್ನು ನೆಲದಲ್ಲಿಡದೆ ಸೊಂಟದ ಎತ್ತರದ ಕಟ್ಟೆಯ ಮೇಲಿಡುವುದು. ‘ಅರ್ಧ ಚೀಲವಾದರೆ ಎರಡು ಸಲ ನಡೆಯಬೇಕಲ್ಲ ಅಣ್ಣ’ ಎಂದು ನಮ್ಮಲ್ಲಿ ಬಹುಕಾಲದಿಂದ ದುಡಿಯುತ್ತಿರುವ ಹಿರಿಯರೊಬ್ಬರು ಮೊದಲು ಆಕ್ಷೇಪಿಸಿದರು. ಕೂಲಿಯನ್ನು ಕೊಯ್ದ ಕಿಲೋ ಲೆಕ್ಕದಲ್ಲಿ ಕೊಡುವಾಗ ಅವರ ಮಾತಿನಲ್ಲಿ ನ್ಯಾಯವಿದೆ, ಹೆಚ್ಚಿನ ನಡಿಗೆಯ ಹೊತ್ತು ಅವರ ಸಂಪಾದನೆಯಿಂದ ಕಳೆಯುತ್ತದೆ. ಆದ್ದರಿಂದ ಹೊರುವ ಕೆಲಸವನ್ನು ಕೊಯ್ಯುವ ಕೆಲಸದಿಂದ ಬೇರ್ಪಡಿಸಿ ಅದಕ್ಕೆ ದಿನಗೂಲಿ ಗೊತ್ತುಮಾಡಿದೆವು. ಖರ್ಚು ಸ್ವಲ್ಪ ಹೆಚ್ಚಿತು, ನಿಜ. ಆದರೆ ಲೈನ್‌ಮನೆಗಳಲ್ಲಿ, ಅಂದರೆ ತೋಟದ ಕಾರ್ಮಿಕರ ಸಾಲುಮನೆಗಳಲ್ಲಿ ಇರುವವರ ಸೊಂಟವೂ ಸೊಂಟವೇ. ಮಾಲೀಕನಾದ ನನಗೆ ಫಿಸಿಯೋಥೆರಪಿಸ್ಟ್ ಬಳಿ ಹೋಗುವಷ್ಟು ಪುರುಸೊತ್ತಿದೆ, ಅವರಿಗೆ ಅದೂ ಇಲ್ಲ.

ಬೆಳಗಿನ ಹೊತ್ತಿನ ಬಗ್ಗೆ ವಿಶೇಷವಾಗಿ ಹೇಳಬೇಕು. ರಾತ್ರಿ ಮಲಗಿದಾಗ ಡಿಸ್ಕ್‌ಗಳು ನೀರನ್ನು ಹೀರಿ ಉಬ್ಬುತ್ತವೆ. ಬೆಳಿಗ್ಗೆ ನಾವು ಸಂಜೆಗಿಂತ ಶೇ. 1ರಷ್ಟು ಎತ್ತರವಿರುವುದು ಇದರಿಂದಲೇ. ಹೀಗೆ ಉಬ್ಬಿದ ಡಿಸ್ಕ್‌ಗಳಿಗೆ ಬಗ್ಗಿದಾಗ ಆಗುವ ಒತ್ತಡ ಹೆಚ್ಚು. ಎದ್ದ ಮೇಲಿನ ಮೊದಲ ಹೊತ್ತಿನಲ್ಲಿ ಮುಂದಕ್ಕೆ ಬಗ್ಗುವುದನ್ನು ತಪ್ಪಿಸಿದವರಿಗೆ ನೋವು ಕಡಿಮೆಯಾದದ್ದು 1998ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕಂಡಿತ್ತು. ನಮ್ಮ ಮನೆಗಳಲ್ಲಾದರೋ ಎದ್ದ ಕೂಡಲೇ ಅಂಗಳ ಗುಡಿಸುವುದು, ಹಾಲು ಕರೆಯುವುದು, ಇಬ್ಬನಿಗೆಂದು ಮುಚ್ಚಿದ್ದ ಟಾರ್ಪಾಲು ತೆಗೆದು ಕಣದ ಕಾಫಿ ಹರಡುವುದು, ಹೀಗೆ ಬಗ್ಗುವ ಕೆಲಸಗಳೆಲ್ಲ ಒಟ್ಟಿಗೆ ಬರುತ್ತವೆ. ಈಗ ನಾನು ಎದ್ದು ಸುಮಾರು ಒಂದು ಗಂಟೆಯ ಕಾಲ ನಿಂತು ಮಾಡುವ, ನಡೆಯುವ ಕೆಲಸಗಳನ್ನೇ ಇಟ್ಟುಕೊಳ್ಳುತ್ತೇನೆ. ಬಿಸಿಲು ಕಣಕ್ಕೆ ಇಳಿಯುವ ಮೊದಲು ಕಾಫಿ ಹರಡಿ ಲಾಭವೂ ಇಲ್ಲ. ಕಾಫಿ ಎಳೆಯುವ ಹಲಗೆಗೆ, ಪೊರಕೆಗೆ ಎದೆಯೆತ್ತರದ ಉದ್ದನೆಯ ಹಿಡಿ ಹಾಕಿಸಿದ್ದು ಸಣ್ಣ ಬದಲಾವಣೆಯಾದರೂ ಬಹಳ ನೆರವಾಯಿತು. ಕಾಂಡಕೊರಕ ನೋಡುವಾಗ ಬಗ್ಗಿ ನಿಲ್ಲುವ ಬದಲು ಒಂದು ಮಂಡಿಯೂರಿ ಕೂರುತ್ತೇನೆ, ಪ್ರತಿ ಸಾಲು ಮುಗಿದಾಗ ನಿಂತು ಕೈಗಳನ್ನು ಸೊಂಟಕ್ಕಿಟ್ಟು ಹಿಂದಕ್ಕೆ ಬಾಗುತ್ತೇನೆ.

ಇನ್ನು ಔಷಧ, ಎಣ್ಣೆ, ಬೆಲ್ಟ್‌ಗಳು. ಹಂಡೆಯ ಬಿಸಿನೀರು ಮತ್ತು ಬಿಸಿ ಶಾಖ ನೋವನ್ನು ಸ್ವಲ್ಪ ಹೊತ್ತು ತಗ್ಗಿಸುತ್ತವೆ. ಆ ಸ್ವಲ್ಪ ಹೊತ್ತನ್ನು ಮಲಗಲು ಬಳಸದೆ ವ್ಯಾಯಾಮಕ್ಕೆ ಬಳಸಿದರೆ ಲಾಭ ಹೆಚ್ಚು. ಎಣ್ಣೆ ತಿಕ್ಕಿಸಿಕೊಳ್ಳುವುದೂ ಹಾಗೆಯೇ. ನೋವುನಿವಾರಕ ಮಾತ್ರೆಗಳನ್ನು ವೈದ್ಯರು ಹೇಳಿದಷ್ಟು ದಿನ, ಊಟದ ನಂತರ ಮಾತ್ರ ತೆಗೆದುಕೊಳ್ಳುತ್ತೇನೆ. ಜಠರಕ್ಕೂ ಮೂತ್ರಪಿಂಡಕ್ಕೂ ಅವು ಮಾಡಬಹುದಾದ ಹಾನಿ ಸಣ್ಣದಲ್ಲ, ಬಿಸಿಲಿನಲ್ಲಿ ಬೆವರಿ ನೀರು ಕಡಿಮೆ ಕುಡಿಯುವ ನಮ್ಮಂಥವರಿಗೆ ಅದು ಇನ್ನೂ ಹೆಚ್ಚು. ಹೆಸರಿಲ್ಲದ ಪೊಟ್ಟಣಗಳಲ್ಲಿ ಮಾರುವ ‘ಸೊಂಟನೋವಿನ ಪುಡಿ’ಗಳನ್ನು ಮುಟ್ಟಬೇಡಿ, ಅಂಥವುಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದುಂಟು. ಸೊಂಟದ ಬೆಲ್ಟ್‌ನ್ನಾಗಲಿ, ತೂಕ ಕಟ್ಟಿ ಎಳೆಯುವ ಟ್ರ್ಯಾಕ್ಷನ್‌ನ್ನಾಗಲಿ ಮೇಲೆ ಹೇಳಿದ 2023ರ ಮಾರ್ಗಸೂಚಿ ಶಿಫಾರಸು ಮಾಡುವುದಿಲ್ಲ. ಹಲಗೆಯ ಮೇಲೆ ಮಲಗಬೇಕೆಂಬ ಹಳೆಯ ನಂಬಿಕೆಗೂ ಆಧಾರ ಸಾಲದು. ಸ್ಪೇನ್‌ನಲ್ಲಿ 313 ಮಂದಿಯ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಗಟ್ಟಿ ಹಾಸಿಗೆಗಿಂತ ಮಧ್ಯಮ ಗಟ್ಟಿಯ ಹಾಸಿಗೆಯಲ್ಲಿ ಮಲಗಿದವರಿಗೆ ಹೆಚ್ಚು ಆರಾಮ ಸಿಕ್ಕಿತ್ತು. ಪಕ್ಕಕ್ಕೆ ಮಲಗಿ ಮಂಡಿಗಳ ನಡುವೆ ಒಂದು ದಿಂಬು ಇಟ್ಟುಕೊಳ್ಳುವುದು ನನಗೆ ಒಗ್ಗಿದೆ.

ಇಷ್ಟೆಲ್ಲ ಮಾಡಿದರೂ ನೋವು ಆಗಾಗ ಮರುಕಳಿಸುತ್ತದೆ. ಸೊಂಟ ಹಿಡಿದ ದಿನ ಏನು ಮಾಡಬೇಕೆಂದು ಮೊದಲೇ ಒಂದು ಹಾಳೆಯಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದ್ದೇನೆ, ಏಕೆಂದರೆ ನೋವಿನ ಹೊತ್ತಿನಲ್ಲಿ ಸರಿಯಾಗಿ ಯೋಚಿಸಲು ಆಗುವುದಿಲ್ಲ. ಮೊದಲು ಕಾಲಿನ ಬಲ ಮತ್ತು ಮೂತ್ರದ ಹಿಡಿತವನ್ನು ನೋಡಿಕೊಳ್ಳುವುದು. ಅವು ಸರಿಯಿದ್ದರೆ ನೆಲದಲ್ಲಿ ಅಂಗಾತ ಮಲಗಿ ಕಾಲುಗಳನ್ನು ಕುರ್ಚಿಯ ಮೇಲಿಟ್ಟು ಸ್ವಲ್ಪ ಹೊತ್ತು ನಿಧಾನವಾಗಿ ಉಸಿರಾಡುವುದು. ಆ ದಿನವೇ ಮನೆಯೊಳಗೆ ಗಂಟೆಗೊಮ್ಮೆಯಾದರೂ ಎದ್ದು ಒಂದೆರಡು ನಿಮಿಷ ನಡೆಯುವುದು. ಎರಡು ದಿನದ ವಿಶ್ರಾಂತಿ ಏಳು ದಿನದ ವಿಶ್ರಾಂತಿಯಷ್ಟೇ ಫಲ ಕೊಡುತ್ತದೆ, ಜೊತೆಗೆ ಕೆಲಸಕ್ಕೆ ಬೇಗ ಮರಳಿಸುತ್ತದೆ ಎಂಬುದು 1986ರಷ್ಟು ಹಿಂದೆಯೇ ಅಮೆರಿಕದ ಅಧ್ಯಯನದಲ್ಲಿ ತಿಳಿದುಬಂದಿದೆ. ಎರಡನೆಯ ದಿನ ಹಗುರವಾದ ವ್ಯಾಯಾಮ, ನಡಿಗೆಯ ಹೊತ್ತನ್ನು ಅರ್ಧಕ್ಕೆ ಇಳಿಸಿ ಮತ್ತೆ ಆರಂಭ. ವಾರದೊಳಗೆ ತೋಟಕ್ಕೆ ಇಳಿಯುವುದು, ಆದರೆ ಮೂಟೆ, ಸ್ಪ್ರೇ ಕ್ಯಾನ್ ಮತ್ತು ಜೀಪಿನ ಪ್ರಯಾಣ ಕೊನೆಗೆ. ಹದಿನಾರು ಲೀಟರಿನ ಕ್ಯಾನ್ ಬೆನ್ನಿಗೇರಿಸುವುದನ್ನು ಬೇರೆಯವರಿಗೆ ವಹಿಸಿ, ಆ ದಿನಗಳಲ್ಲಿ ನಾನು ಪೈಪ್ ಹಿಡಿಯುವ ಕೆಲಸ ಮಾಡುತ್ತೇನೆ. ಈ ಸಲದ ಮೆಣಸು ಕೊಯ್ಲಿನ ನಡುವೆ ಸೊಂಟ ಹಿಡಿದಾಗ ಹಾಳೆಯಲ್ಲಿದ್ದಂತೆಯೇ ನಡೆದುಕೊಂಡೆ. ಏಣಿಯ ಕೆಲಸ ತಮ್ಮನ ಮಗನದಾಯಿತು, ನೆಲದಲ್ಲಿ ಕುರ್ಚಿ ಹಾಕಿ ಕುಳಿತು ಗೊಂಚಲಿನಿಂದ ಮೆಣಸು ಬಿಡಿಸುವ ಕೆಲಸ ನನ್ನದಾಯಿತು, ಪ್ರತಿ ಅರ್ಧ ಗಂಟೆಗೆ ಎದ್ದು ಕಣದ ಸುತ್ತ ಒಂದು ಸುತ್ತು ಬಂದು ಮತ್ತೆ ಕೂರುತ್ತಿದ್ದೆ. ಕೊಯ್ಲು ಮುಗಿಯುವ ಹೊತ್ತಿಗೆ ಕೊನೆಯ ಕೆಲವು ಮರಗಳ ಏಣಿಯನ್ನು ನಾನೇ ಹತ್ತಿದೆ.